ಕ್ಯಾಮೆರಾ ಕೈಯಲ್ಲಿಲ್ಲದ ದಿನದ ಲೆಕ್ಕ: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಮದುವೆ ಫೋಟೋಗ್ರಾಫರ್‌ಗಳಿಗೆ ಸಮಗ್ರ ಮಾರ್ಗದರ್ಶಿ

ಫ್ಲ್ಯಾಶಿನ ಬ್ಯಾಟರಿ ಮುಚ್ಚಳ ಮುರಿದರೆ, ಗ್ರಿಪ್ಪಿನ ರಬ್ಬರು ಎದ್ದರೆ ಕೆಲಸ ಊರಲ್ಲೇ ಮುಗಿಯುತ್ತದೆ. ಸೆನ್ಸರ್, ಮೇನ್ ಬೋರ್ಡ್, ಆಟೋಫೋಕಸ್ ಅಂತ ಬಂದರೆ ಬಾಡಿ (ಲೆನ್ಸ್ ಬಿಟ್ಟ ಕ್ಯಾಮೆರಾ) ಹೆಚ್ಚಾಗಿ ಬೆಂಗಳೂರಿನ ದಾರಿ ಹಿಡಿಯುತ್ತದೆ. ನೋಡುವುದಕ್ಕೆ ಎರಡು ದಿನ, ಎಸ್ಟಿಮೇಟಿಗೆ ಎರಡು ದಿನ, ಪಾರ್ಟು ಬರುವುದಕ್ಕೆ ಇನ್ನೆಷ್ಟೋ. ಅಷ್ಟರಲ್ಲಿ ವೈಶಾಖದ ನಾಲ್ಕು ಮುಹೂರ್ತ ಕೈತಪ್ಪಿರುತ್ತವೆ. ಹೀಗಾಗಿ ಈ ಭಾಗದಲ್ಲಿ ಮದುವೆ ಕೆಲಸ ಮಾಡುವವರು ಕೊಳ್ಳುವಾಗ, ಒರೆಸುವಾಗ, ರಿಪೇರಿಗೆ ಕೊಡುವಾಗ, ಗಿರಾಕಿಗೆ ರೇಟು ಹೇಳುವಾಗ ಒಂದೇ ಲೆಕ್ಕ ಹಾಕಬೇಕು: ಇದು ಕೈಯಲ್ಲಿಲ್ಲದ ದಿನ ಕೆಲಸ ಹೇಗೆ ನಡೆದೀತು?

ಕೊಳ್ಳುವುದು: ಒಂದೇ ಮೌಂಟಿನ ಎರಡು ಬಾಡಿ

ಕೈಯಲ್ಲಿ ಎರಡು ಲಕ್ಷ ಇದ್ದರೆ ಅಷ್ಟನ್ನೂ ಒಂದು ಹೊಸ ಬಾಡಿಗೆ ಸುರಿಯಬೇಡಿ. ಒಂದೇ ಕಂಪನಿಯ, ಒಂದೇ ಮೌಂಟಿನ (ಲೆನ್ಸ್ ಕೂರಿಸುವ ಬಾಯಿ), ಸಾಧ್ಯವಾದರೆ ಒಂದೇ ಬ್ಯಾಟರಿಯ ಎರಡು ಸೆಕೆಂಡ್‌ಹ್ಯಾಂಡ್ ಬಾಡಿ ನೋಡಿ. ಒಂದು ಕೆಟ್ಟರೂ ಲೆನ್ಸ್, ಫ್ಲ್ಯಾಶ್, ಚಾರ್ಜರ್ ಎಲ್ಲ ಇನ್ನೊಂದಕ್ಕೆ ನಡೆಯುತ್ತವೆ. ಎರಡು ಕಾರ್ಡ್ ಸ್ಲಾಟ್ ಇಲ್ಲದ ಬಾಡಿಯನ್ನು ಮದುವೆಗೆ ಮುಖ್ಯ ಕ್ಯಾಮೆರಾ ಮಾಡಿಕೊಳ್ಳುವುದು ಜೂಜು. ಸ್ಲಾಟ್ ಎರಡಿದ್ದರೆ ಸೆಟ್ಟಿಂಗನ್ನು ‘ಬ್ಯಾಕಪ್’ಗೆ ಇಡಿ, ಒಂದು ತುಂಬಿದ ಮೇಲೆ ಇನ್ನೊಂದು ಅನ್ನುವ ‘ಓವರ್‌ಫ್ಲೋ’ದಿಂದ ಬ್ಯಾಕಪ್ ಸಿಗುವುದಿಲ್ಲ.

ಹಳೆಯ ಬಾಡಿ ಕೊಳ್ಳುವಾಗ ಮೊದಲು ಕೇಳಬೇಕಾದದ್ದು ಶಟರ್ ಕೌಂಟ್, ಅಂದರೆ ಈವರೆಗೆ ಎಷ್ಟು ಕ್ಲಿಕ್ ಆಗಿದೆ ಎಂಬ ಲೆಕ್ಕ. ಕಂಪನಿಗಳು ಹೇಳುವ ಶಟರ್ ಆಯುಷ್ಯ ಕ್ಯಾನನ್ 6ಡಿಗೆ 1 ಲಕ್ಷ, ಕ್ಯಾನನ್ 5ಡಿ ಮಾರ್ಕ್ 4 ಮತ್ತು ನಿಕಾನ್ ಡಿ750ಗೆ 1.5 ಲಕ್ಷ, ನಿಕಾನ್ ಡಿ850 ಮತ್ತು ಸೋನಿ ಎ7 ಮಾರ್ಕ್ 3ಕ್ಕೆ 2 ಲಕ್ಷ. ಆ ಅಂಕಿ ಮುಟ್ಟಿದ ದಿನವೇ ಶಟರ್ ಹೋಗುತ್ತದೆ ಅಂತಿಲ್ಲ, ಅದಕ್ಕೂ ಮೊದಲೇ ಕೈಕೊಡಬಹುದು. ಆದರೂ ಲೆಕ್ಕಕ್ಕೆ ಅದೇ ಆಧಾರ. ಒಂದು ಮದುವೆಗೆ 2,500 ಕ್ಲಿಕ್, ವರ್ಷಕ್ಕೆ 30 ಮದುವೆ ಅಂದರೆ 75,000. ಆಗಲೇ 90,000 ಓಡಿರುವ ಡಿ750 ತಂದರೆ ಹತ್ತು ತಿಂಗಳೊಳಗೆ ಗಡಿ ದಾಟುತ್ತದೆ. ಶಟರ್ ಹಾಕಿಸುವ ಖರ್ಚನ್ನು ಬೆಲೆ ಮಾತಾಡುವಾಗಲೇ ಕಳೆಯಿರಿ.

ಕೌಂಟ್ ನೋಡುವುದು ಹೀಗೆ: ನಿಕಾನ್ ಆದರೆ ಎಡಿಟ್ ಮಾಡದ ಒಂದು ಜೆಪೆಗ್ ಫೈಲನ್ನು ಎಕ್ಸಿಫ್‌ಟೂಲ್‌ ಎಂಬ ಸಾಫ್ಟ್‌ವೇರಿನಲ್ಲಿ ತೆರೆದರೆ ಸಿಗುತ್ತದೆ. ಕ್ಯಾನನ್‌ನ ಬಹಳಷ್ಟು ಬಾಡಿಗಳಲ್ಲಿ ಇದು ಫೈಲಿನಲ್ಲಿ ಇರುವುದಿಲ್ಲ. ಯುಎಸ್‌ಬಿ ಕೇಬಲ್ ಹಾಕಿ ಲ್ಯಾಪ್‌ಟಾಪಿನ ಸಾಫ್ಟ್‌ವೇರಿನಿಂದ ಓದಬೇಕು. ಫೈಲಿನ ಹೆಸರಲ್ಲಿರುವ ನಂಬರು ನಂಬಬೇಡಿ, 9999 ಆದ ಮೇಲೆ ಅದು ಮತ್ತೆ ಒಂದರಿಂದ ಶುರುವಾಗುತ್ತದೆ.

ಮಾರುವವರ ಎದುರೇ ಅರ್ಧ ಗಂಟೆ ಕೂತು ಈ ಪರೀಕ್ಷೆ ಮಾಡಿ. ಬಿಳಿ ಗೋಡೆಗೆ ಎಫ್/16 (ಲೆನ್ಸಿನ ಕಿಂಡಿ ಕಿರಿದಾಗಿಸಿ), ಐಎಸ್‌ಒ 100ರಲ್ಲಿ, ಫೋಕಸ್ ತಪ್ಪಿಸಿ ಒಂದು ಚಿತ್ರ ತೆಗೆಯಿರಿ. ಮಸುಕಾದ ಬೂದು ಚುಕ್ಕೆ ಧೂಳಿನದು, ಚಿಂತೆಯಿಲ್ಲ. ಬ್ಲೋವರ್ ಊದಿದ ಮೇಲೂ ಅದೇ ಜಾಗದಲ್ಲಿ ಚೂಪಾದ ಗೆರೆ ಉಳಿದರೆ ಅದು ಗೀರು, ಎದ್ದು ಬನ್ನಿ. ಅದೇ ಗೋಡೆಗೆ 1/4000ದಲ್ಲಿ, ಬಾಡಿಯಲ್ಲಿ ಇದ್ದರೆ 1/8000ದಲ್ಲೂ, ಹತ್ತತ್ತು ಚಿತ್ರ ಸತತ ಹೊಡೆಯಿರಿ. ಒಂದು ಅಂಚು ಕಪ್ಪಾಗುತ್ತ ಬಂದರೆ ಶಟರ್ ಪರದೆಗಳ ವೇಗ ತಪ್ಪಿದೆ. ಈ ಪರೀಕ್ಷೆ ಬಯಲ ಬೆಳಕಿನಲ್ಲೇ ಆಗಬೇಕು, ಎಲ್‌ಇಡಿ ಬಲ್ಬಿನ ಕೆಳಗೆ ಮಾಡಿದರೆ ಒಳ್ಳೆಯ ಶಟರ್ ಕೂಡ ಪಟ್ಟೆ ತೋರಿಸುತ್ತದೆ. ಹಾಟ್ ಶೂಗೆ (ಬಾಡಿಯ ನೆತ್ತಿಯಲ್ಲಿ ಫ್ಲ್ಯಾಶ್ ಕೂರುವ ಜಾಗ) ಫ್ಲ್ಯಾಶ್ ಹಾಕಿ ಇಪ್ಪತ್ತು ಸಲ ಹೊಡೆದು ನೋಡಿ, ಎರಡೂ ಸ್ಲಾಟಿಗೆ ಕಾರ್ಡ್ ಹಾಕಿ ನೋಡಿ. ಕೊನೆಗೆ ಬ್ಯಾಟರಿ ಗೂಡಿಗೆ ಟಾರ್ಚ್ ಬಿಡಿ: ಹಸಿರು ಕಿಲುಬು ಕಂಡರೆ ನೀರು ಕುಡಿದ ಬಾಡಿ. ಮೌಂಟಿನ ಸ್ಕ್ರೂ ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ. ಬಿಚ್ಚಿದ್ದು ತಪ್ಪಲ್ಲ, ಏಕೆ ಬಿಚ್ಚಿದರು ಅಂತ ಕೇಳಿ.

ಲೆನ್ಸನ್ನು ಹಿಂದಿನಿಂದ ಟಾರ್ಚ್ ಹಿಡಿದು, ಮುಂದಿನಿಂದ ಓರೆಯಾಗಿ ನೋಡಬೇಕು. ಜೇಡರ ಬಲೆಯಂತೆ ಕವಲೊಡೆದಿದ್ದರೆ ಫಂಗಸ್, ಇಡೀ ಗಾಜು ಹಾಲಿನ ಕೆನೆಯಂತೆ ಮಬ್ಬಾಗಿದ್ದರೆ ಹೇಜ್. ಒಳಗೆ ನಾಲ್ಕು ಧೂಳಿನ ಕಣ ಇದ್ದರೆ ಬೆಲೆ ಇಳಿಸುವುದಕ್ಕೆ ನೆಪವಾದೀತೇ ಹೊರತು ಚಿತ್ರಕ್ಕೆ ಏನೂ ಆಗುವುದಿಲ್ಲ. ಬಿಲ್ಲು, ಡಬ್ಬಿಯ ಮೇಲಿನ ಸೀರಿಯಲ್ ನಂಬರು ಬಾಡಿಯ ನಂಬರಿಗೆ ತಾಳೆಯಾಗದಿದ್ದರೆ ಎಷ್ಟು ಅಗ್ಗವಾದರೂ ಬೇಡ.

ಧೂಳು, ಭಂಡಾರ, ಮಳೆ

ಗದಗದ ಕಡೆ ಎರೆಮಣ್ಣಿನ ಧೂಳು ಮತ್ತು ಗಾಳಿ. ಗಾಳಿವಿದ್ಯುತ್ ಕಂಬಗಳನ್ನು ಸುಮ್ಮನೆ ನೆಟ್ಟಿಲ್ಲ ಅಲ್ಲಿ. ಬಯಲಲ್ಲಿ ಅಂಬ್ರೆಲ್ಲಾ ಹಾಕಿದ ಲೈಟ್ ಸ್ಟ್ಯಾಂಡಿಗೆ 5 ಕೆ.ಜಿ. ಮರಳಿನ ಚೀಲ ಕಟ್ಟದಿದ್ದರೆ ಲೈಟು ನೆಲಕ್ಕೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಘಾಟು ಮೂಗಿಗಷ್ಟೇ ಅಲ್ಲ, ಜೂಮ್ ರಿಂಗಿನ ಸಂದಿಗೂ ಇಳಿಯುತ್ತದೆ. ದೇವರಗುಡ್ಡದ ಮಾಲತೇಶನ ಜಾತ್ರೆಯ ಭಂಡಾರ, ಹುಬ್ಬಳ್ಳಿಯ ರಂಗಪಂಚಮಿಯ ಬಣ್ಣ, ಮದುವೆ ಮನೆಯ ಅರಿಶಿನ ಇವು ಮೂರೂ ಒಂದೇ ಜಾತಿ: ನುಣುಪಾದ ಪುಡಿ, ಬೆವರು ತಾಗಿದರೆ ಅಂಟು. ಒದ್ದೆ ಬಟ್ಟೆಯಿಂದ ಒರೆಸಿದರೆ ಪುಡಿ ಕೆಸರಾಗಿ ಸಂದಿಗೆ ಕೂರುತ್ತದೆ. ಮೊದಲು ಒಣ ಪೇಂಟ್ ಬ್ರಷ್, ಆಮೇಲೆ ಬ್ಲೋವರ್, ಕೊನೆಗೆ ಬೇಕಿದ್ದರೆ ಒದ್ದೆ ಬಟ್ಟೆ. ಇಂಥ ಕಡೆ ಲೆನ್ಸ್ ಬದಲಿಸುವ ಪ್ರಸಂಗವೇ ಬರಬಾರದು; ಒಂದು ಬಾಡಿಗೆ 24-70 ಮಿ.ಮೀ. ಲೆನ್ಸ್, ಇನ್ನೊಂದಕ್ಕೆ 70-200 ಹಾಕಿಕೊಂಡೇ ಒಳಗೆ ಹೋಗಿ. ಅಕ್ಕಿಕಾಳು ಬೀಳುವ ಹೊತ್ತಿಗೆ ಹುಡ್ ಹಾಕಿರಲಿ, ಫ್ಲ್ಯಾಶಿಲ್ಲದ ಬಾಡಿಯ ಹಾಟ್ ಶೂಗೆ ಪ್ಲಾಸ್ಟಿಕ್ ಮುಚ್ಚಳ ಇರಲಿ. ಕಾಳಿನ ನುಚ್ಚು ಅಲ್ಲಿ ಸಿಕ್ಕಿಕೊಂಡು ಮುಂದಿನ ವಾರ ಫ್ಲ್ಯಾಶ್ ಹೊಡೆಯುವುದೇ ಇಲ್ಲ, ಕಾರಣವೂ ತಿಳಿಯುವುದಿಲ್ಲ.

ಮಳೆಗಾಲದಲ್ಲಿ ಧಾರವಾಡದ ಗಾಳಿ ಮಲೆನಾಡಿನ ಕಡೆ ವಾಲುತ್ತದೆ. ಬ್ಯಾಗಿನಲ್ಲೇ ಕ್ಯಾಮೆರಾ ಇಟ್ಟು ಕಪಾಟು ಮುಚ್ಚಿದರೆ ಶ್ರಾವಣದ ಹೊತ್ತಿಗೆ ಫಂಗಸ್ ಗ್ಯಾರಂಟಿ, ಏಕೆಂದರೆ ಬ್ಯಾಗಿನ ಫೋಮು ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಎಲೆಕ್ಟ್ರಿಕ್ ಡ್ರೈ ಕ್ಯಾಬಿನೆಟ್ ಇದ್ದರೆ ಸರಿ; ಇಲ್ಲದಿದ್ದರೆ ರಬ್ಬರ್ ಗ್ಯಾಸ್ಕೆಟ್ ಇರುವ 20 ಲೀಟರಿನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಕಾಲು ಕೆ.ಜಿ. ಸಿಲಿಕಾ ಜೆಲ್, ತೇವಾಂಶ ಅಳೆಯಲು ಒಂದು ಚಿಕ್ಕ ಡಿಜಿಟಲ್ ಹೈಗ್ರೋಮೀಟರ್. ತೇವಾಂಶ ಶೇ. 40ರಿಂದ 50ರಲ್ಲಿ ಇರಲಿ. 60 ದಾಟಿದರೆ ಫಂಗಸ್‌ಗೆ ಹಬ್ಬ. 30ಕ್ಕಿಂತ ಕೆಳಗೆ ತಿಂಗಳುಗಟ್ಟಲೆ ಇಟ್ಟರೆ ಗ್ರೀಸು, ರಬ್ಬರು ಒಣಗುತ್ತವೆ. ಕಿತ್ತಳೆ ಬಣ್ಣದ ಜೆಲ್ ಹಸಿರಾದಾಗ, ನೀಲಿಯದು ಗುಲಾಬಿಯಾದಾಗ ಅದು ತುಂಬಿದೆ ಎಂದರ್ಥ. ಹಳೆಯ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಬಣ್ಣ ಮರಳುವ ತನಕ ಹುರಿದು, ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ವಿಷ. ರೊಟ್ಟಿ ಬೇಯಿಸುವ ಹಂಚಿಗೆ ಅದನ್ನು ತಾಗಿಸಬೇಡಿ.

ಎ.ಸಿ. ಹಾಲಿನಿಂದ ಹೊರಗೆ ಬಂದ ಕೂಡಲೇ ಲೆನ್ಸು ಬೆವರುತ್ತದೆ. ಒರೆಸುತ್ತ ನಿಲ್ಲಬೇಡಿ. ಹೊರಡುವ ಮುಂಚೆ ಜಿಪ್ ಚೀಲದಲ್ಲಿ ಹಾಕಿ ಮುಚ್ಚಿ, ಹೊರಗೆ ಇಪ್ಪತ್ತು-ಮೂವತ್ತು ನಿಮಿಷ ಬಿಟ್ಟು ತೆರೆಯಿರಿ.

ಸೆನ್ಸರ್ ಒರೆಸುವುದು

ಇದನ್ನು ಕಲಿತರೆ ವರ್ಷಕ್ಕೆ ಮೂರ್ನಾಲ್ಕು ಸಲ ಅಂಗಡಿಗೆ ಹೋಗುವುದು ತಪ್ಪುತ್ತದೆ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ. ಬಚ್ಚಲು ಮನೆಯಲ್ಲಿ ಧೂಳು ಕಡಿಮೆ, ಹಾಸಿಗೆ ಇರುವ ಕೋಣೆ ಬೇಡ.

1. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ. ಮೆನುವಿನ ‘ಸೆನ್ಸರ್ ಕ್ಲೀನಿಂಗ್’ ಮೋಡ್ ಬಳಸಿ. ಬಲ್ಬ್ ಮೋಡಿನಲ್ಲಿ ಶಟರ್ ತೆರೆದಿಟ್ಟು ಒರೆಸುವವರಿದ್ದಾರೆ. ಬೆರಳು ಜಾರಿದರೆ ಪರದೆ ಸ್ವ್ಯಾಬಿನ (ಸೆನ್ಸರ್ ಒರೆಸುವ ಚಪ್ಪಟೆ ಕಡ್ಡಿ) ಮೇಲೆ ಬೀಳುತ್ತದೆ, ಪರದೆ ಹೊಸದೇ ಬೇಕಾಗುತ್ತದೆ.

2. ಬಾಡಿಯ ಬಾಯಿ ಕೆಳಗೆ ಮಾಡಿ ಹಿಡಿದು ರಬ್ಬರ್ ಬ್ಲೋವರಿನಿಂದ ಹತ್ತು-ಹನ್ನೆರಡು ಸಲ ಊದಿ. ಮೂತಿ ಮೌಂಟಿನ ಒಳಗೆ ಹೋಗಬಾರದು. ಕ್ಯಾನಿನ ಗಾಳಿ ಬೇಡ, ಅದು ದ್ರವ ಉಗುಳುತ್ತದೆ. ಬಾಯಿಂದ ಊದಿದರೆ ಎಂಜಲು.

3. ಎಫ್/16ರಲ್ಲಿ ಆಕಾಶದ ಚಿತ್ರ ತೆಗೆದು ನೋಡಿ. ಹತ್ತರಲ್ಲಿ ಆರು ಸಲ ಕೆಲಸ ಇಲ್ಲಿಗೇ ಮುಗಿದಿರುತ್ತದೆ. ಚುಕ್ಕೆ ಉಳಿದಿದ್ದರೆ ಜಾಗ ಗುರುತಿಸಿ: ಎದುರಿನಿಂದ ಸೆನ್ಸರ್ ನೋಡುವಾಗ ಚಿತ್ರದ ಮೇಲಿನ ಎಡ ಮೂಲೆಯ ಚುಕ್ಕೆ ಸೆನ್ಸರಿನ ಕೆಳಗಿನ ಎಡ ಮೂಲೆಯಲ್ಲಿ ಇರುತ್ತದೆ.

4. ಫುಲ್‌ಫ್ರೇಮಿಗೆ (ದೊಡ್ಡ ಸೆನ್ಸರ್) 24 ಮಿ.ಮೀ., ಎಪಿಎಸ್-ಸಿಗೆ (ಚಿಕ್ಕ ಸೆನ್ಸರ್) 16 ಮಿ.ಮೀ. ಅಗಲದ ಸ್ವ್ಯಾಬ್. ತುದಿಗೆ ಸೆನ್ಸರ್ ದ್ರವ ಎರಡೇ ಹನಿ ಹಾಕಿ, ಹತ್ತು ಸೆಕೆಂಡ್ ಹೀರಲು ಬಿಡಿ. ಹೆಚ್ಚಾದರೆ ಅಂಚಿನಲ್ಲಿ ಕಲೆ ಕಟ್ಟುತ್ತದೆ, ಅದನ್ನು ತೆಗೆಯಲು ಇನ್ನೊಂದು ಸ್ವ್ಯಾಬ್.

5. ಒಂದು ಅಂಚಿನಿಂದ ಇನ್ನೊಂದಕ್ಕೆ ಮೂರ್ನಾಲ್ಕು ಸೆಕೆಂಡಿನಲ್ಲಿ, ನಡುವೆ ಎತ್ತದೆ, ಪೆನ್ನಿನಿಂದ ಬರೆಯುವಷ್ಟೇ ಒತ್ತಡದಲ್ಲಿ ಎಳೆಯಿರಿ. ಸ್ವ್ಯಾಬ್ ಮಗ್ಗುಲು ಬದಲಿಸಿ ವಾಪಸ್ ಬನ್ನಿ. ಅಷ್ಟಕ್ಕೆ ಅದು ಕಸದಬುಟ್ಟಿಗೆ. ಮತ್ತೆ ಬಳಸಿದರೆ ಮೊದಲು ಎತ್ತಿದ ಮರಳುಕಣದಿಂದಲೇ ಗೀರಬಹುದು.

ಡಿಎಸ್‌ಎಲ್‌ಆರ್‌ನ ಕನ್ನಡಿಯನ್ನು ಮಾತ್ರ ಒರೆಸಬೇಡಿ. ಅದರ ಬೆಳ್ಳಿ ಲೇಪ ಗಾಜಿನ ಮೇಲ್ಮೈಯಲ್ಲೇ ಇರುತ್ತದೆ, ಬಟ್ಟೆ ತಾಗಿದರೂ ಗೀರು. ವ್ಯೂಫೈಂಡರಿನಲ್ಲಿ ಕಾಣುವ ಧೂಳು ಚಿತ್ರದಲ್ಲಿ ಬರುವುದಿಲ್ಲ, ಅದರ ಗೋಜಿಗೆ ಹೋಗಬೇಡಿ.

ಯಾವುದಕ್ಕೆ ನೀವು ಕೈ ಹಾಕಬಹುದು

ಗ್ರಿಪ್ಪಿನ ರಬ್ಬರು ಎದ್ದಿದ್ದರೆ ಪೂರ್ತಿ ಬಿಚ್ಚಿ, ಹಳೆಯ ಗೋಂದನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೆಗೆದು, ತೆಳುವಾದ ಡಬಲ್ ಸೈಡ್ ಟೇಪ್ ಹಾಕಿ ಒತ್ತಿ. ಫೆವಿಕ್ವಿಕ್ ಹಾಕಬೇಡಿ. ಅದರ ಆವಿ ಗಾಜು, ಪ್ಲಾಸ್ಟಿಕ್ಕಿನ ಮೇಲೆ ಬಿಳಿ ಪೊರೆಯಾಗಿ ಕೂರುತ್ತದೆ, ಮುಂದೆ ಬಿಚ್ಚುವ ರಿಪೇರಿಯವರೂ ಶಪಿಸುತ್ತಾರೆ.

ಫ್ಲ್ಯಾಶ್ ಹೊಡೆಯುತ್ತಿಲ್ಲವೆಂದರೆ ಈ ಕ್ರಮದಲ್ಲಿ ನೋಡಿ: ಟೆಸ್ಟ್ ಬಟನ್ ಒತ್ತಿದರೆ ಹೊಡೆಯುತ್ತದೆಯೇ? ಹೌದಾದರೆ ದೋಷ ಕಾಂಟ್ಯಾಕ್ಟಿನಲ್ಲಿ ಅಥವಾ ಟ್ರಿಗರಿನಲ್ಲಿ (ತಂತಿಯಿಲ್ಲದೆ ದೂರದ ಫ್ಲ್ಯಾಶ್ ಹೊಡೆಸುವ ಸಾಧನ). ಟ್ರಿಗರಿನ ಚಾನೆಲ್, ಗ್ರೂಪ್ ಎರಡೂ ಕಡೆ ಒಂದೇ ಇದೆಯೇ? ಹಾಟ್ ಶೂ ಹಳಿಗಳನ್ನೂ ಫ್ಲ್ಯಾಶಿನ ಪಿನ್ನುಗಳನ್ನೂ ಆಲ್ಕೊಹಾಲ್ ತಾಗಿಸಿದ ಇಯರ್‌ಬಡ್‌ನಿಂದ ಉಜ್ಜಿ. ಆಮೇಲೆ ಬ್ಯಾಟರಿ. ಎಎ ಸೆಲ್ ನಾಲ್ಕೂ ಒಂದೇ ಕಂಪನಿಯ, ಒಂದೇ ವಯಸ್ಸಿನವು ಇರಬೇಕು. ಒಂದು ಸತ್ತದ್ದು ಸೇರಿದರೆ ಉಳಿದ ಮೂರನ್ನೂ ಎಳೆಯುತ್ತದೆ. ಚಿತ್ರದ ಕೆಳಗೆ ಕಪ್ಪು ಪಟ್ಟೆ ಬಂದರೆ ಫ್ಲ್ಯಾಶ್ ಕೆಟ್ಟಿಲ್ಲ, ನೀವು 1/200 ಅಥವಾ 1/250ರ ಸಿಂಕ್ ವೇಗ (ಫ್ಲ್ಯಾಶಿನ ಜೊತೆ ಶಟರ್ ಹೊಂದುವ ಗರಿಷ್ಠ ವೇಗ) ದಾಟಿದ್ದೀರಿ.

ಫ್ಲ್ಯಾಶಿನ ಒಡಲು ಬಿಚ್ಚುವ ಸಾಹಸ ಬೇಡ. ಒಳಗಿನ ಕೆಪಾಸಿಟರ್ 300 ವೋಲ್ಟಿನ ಆಸುಪಾಸು ಹಿಡಿದಿಟ್ಟುಕೊಂಡಿರುತ್ತದೆ, ಬ್ಯಾಟರಿ ತೆಗೆದ ಮೇಲೂ. ಸ್ಟುಡಿಯೋ ಲೈಟಿನಲ್ಲಿ ಇನ್ನೂ ಜಾಸ್ತಿ ಶಕ್ತಿ ಇರುತ್ತದೆ. ಜನರೇಟರ್ ಏರಿಳಿತಕ್ಕೆ ಅದರ ಫ್ಯೂಸ್ ಹೋದರೆ ಪ್ಲಗ್ ಕಿತ್ತು ಅದೇ ಆಂಪಿಯರಿನ ಗಾಜಿನ ಫ್ಯೂಸ್ ಹಾಕಿ. ತಂತಿ ಸುತ್ತಿದರೆ ಮುಂದಿನ ಸಲ ಸುಡುವುದು ಟ್ಯೂಬು.

ಟ್ರೈಪಾಡ್ ಪ್ಲೇಟಿನ ಬೋಲ್ಟ್ ಕಳೆದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಕಾಲು ಇಂಚಿನ, ಇಂಚಿಗೆ 20 ಥ್ರೆಡ್ ಇರುವ ಬೋಲ್ಟ್ ಕೇಳಿ. ಪ್ಲೇಟಿನಿಂದ ಮೇಲೆ 4.5 ಮಿ.ಮೀ.ಗಿಂತ ಹೆಚ್ಚು ಚಾಚದಂತೆ ಕತ್ತರಿಸಿಕೊಳ್ಳಿ. ಉದ್ದವಾದದ್ದನ್ನು ತಿರುಗಿಸಿದರೆ ಕ್ಯಾಮೆರಾದ ತಳವೇ ಒಡೆಯುತ್ತದೆ. ಇನ್ನೊಂದು: ಜಪಾನಿನ ಕ್ಯಾಮೆರಾ, ಲೆನ್ಸುಗಳ ಪ್ಲಸ್ ಸ್ಕ್ರೂಗಳು ಜೆಐಎಸ್, ಅಂದರೆ ಜಪಾನಿನದೇ ಅಳತೆಯವು. ಮಾಮೂಲಿ ಫಿಲಿಪ್ಸ್ ಸ್ಕ್ರೂಡ್ರೈವರ್ ಜಾರಿ ತಲೆ ಕೆಡಿಸುತ್ತದೆ.

ಸುರಗಿ ನೀರು ಎರಚಿ ಕ್ಯಾಮೆರಾ ನೆನೆದರೆ ಕೂಡಲೇ ಆಫ್, ಬ್ಯಾಟರಿ ಹೊರಗೆ, ಕಾರ್ಡ್ ಹೊರಗೆ. “ನಡೀತದೇನ್ ನೋಡೂಣು” ಅಂತ ಆನ್ ಮಾಡುವ ಒಂದು ಕ್ಷಣದಲ್ಲೇ ಬೋರ್ಡ್ ಸುಡುವುದು. ಎಲ್ಲ ಮುಚ್ಚಳ ತೆರೆದು, ಬಟ್ಟೆಯಿಂದ ಒತ್ತಿ, ಸಿಲಿಕಾ ಜೆಲ್ ಡಬ್ಬಿಯಲ್ಲಿ ಕನಿಷ್ಠ 48 ಗಂಟೆ ಇಡಿ. ಹೇರ್ ಡ್ರೈಯರ್ ಬೇಡ, ಅಕ್ಕಿಯ ಡಬ್ಬಿಯೂ ಬೇಡ. ಬಣ್ಣದ ನೀರು, ಶರಬತ್ತು ಬಿದ್ದಿದ್ದರೆ ಒಣಗಿಸಿದರೆ ಸಾಲದು, ಒಳಗೆ ತುಕ್ಕು ಮುಂದುವರಿಯುತ್ತದೆ. ಅದೇ ದಿನ ರಿಪೇರಿಯವರಿಗೆ ಕೊಡಿ.

ಕಾರ್ಡ್ ಎರರ್ ಬಂದರೆ ಆ ಕಾರ್ಡಿಗೆ ಇನ್ನೊಂದೂ ಚಿತ್ರ ತೆಗೆಯಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಫೋಟೋರೆಕ್ ಎಂಬ ಉಚಿತ ಸಾಫ್ಟ್‌ವೇರಿನಿಂದ ಫೈಲುಗಳನ್ನು ಬೇರೊಂದು ಡಿಸ್ಕಿಗೆ ಎಳೆಯಿರಿ.

ರಿಪೇರಿಗೆ ಕೊಡುವ ಕಾಲ

ಆಷಾಢಕ್ಕಿಂತ ಒಳ್ಳೆಯ ಸರ್ವೀಸ್ ತಿಂಗಳು ಇಲ್ಲ. ಮದುವೆ ಇಲ್ಲ, ಬೆಳಕೂ ಇಲ್ಲ. ಶಟರ್, ಫೋಕಸ್ ಕ್ಯಾಲಿಬ್ರೇಷನ್, ಲೆನ್ಸ್ ಫಂಗಸ್ ಎಲ್ಲವನ್ನೂ ಜ್ಯೇಷ್ಠದ ಕೊನೆಗೆ ಪಟ್ಟಿ ಮಾಡಿ ಒಟ್ಟಿಗೆ ಕಳಿಸಿ. ತಪ್ಪಿದರೆ ಪಿತೃಪಕ್ಷ, ಇಲ್ಲವೇ ಡಿಸೆಂಬರ್ ನಡುವಿನಿಂದ ಶುರುವಾಗುವ ಧನುರ್ಮಾಸ. ಎರಡು ಬಾಡಿಯನ್ನು ಒಟ್ಟಿಗೆ ಕಳಿಸಬೇಡಿ. ಆಷಾಢದಲ್ಲೂ ಕುಬಸ, ಹುಟ್ಟುಹಬ್ಬ ಬರುತ್ತವೆ.

ಕೊಡುವಾಗ ಬ್ಯಾಟರಿ, ಕಾರ್ಡ್, ಬೆಲ್ಟು, ಫಿಲ್ಟರ್ ತೆಗೆದಿಟ್ಟುಕೊಂಡು, ಸೀರಿಯಲ್ ನಂಬರು ಮತ್ತು ಬಾಡಿಯ ಆರೂ ಮಗ್ಗುಲಿನ ಫೋಟೋ ತೆಗೆದಿಡಿ. “ಸರಿಯಿಲ್ಲ” ಅಂತ ಬರೆಸಬೇಡಿ. “70-200 ಹಾಕಿದಾಗ ಮಾತ್ರ ಎರರ್ 01, ಬೇರೆ ಲೆನ್ಸಿಗೆ ಇಲ್ಲ” ಅಂತ ಬರೆಸಿದರೆ ರಿಪೇರಿಯವರ ಅರ್ಧ ದಿನ ಉಳಿಯುತ್ತದೆ. ಎಸ್ಟಿಮೇಟ್ ಹೇಳದೆ ಬಿಚ್ಚಬಾರದು, ಹಳೆಯ ಪಾರ್ಟ್ ವಾಪಸ್ ಕೊಡಬೇಕು ಎಂದು ಚೀಟಿಯಲ್ಲೇ ಇರಲಿ. ಖರ್ಚು ಆ ಬಾಡಿಯ ಸೆಕೆಂಡ್‌ಹ್ಯಾಂಡ್ ಬೆಲೆಯ ಅರ್ಧ ಮುಟ್ಟಿದರೆ ಮಾಡಿಸಬೇಡಿ, ಬಿಡಿಭಾಗಕ್ಕೆ ಮಾರಿ.

ರೇಟು

ಒಂದು ಉದಾಹರಣೆ, ನಿಮ್ಮ ಅಂಕಿ ನೀವು ಹಾಕಿಕೊಳ್ಳಿ. ಕಿಟ್ಟಿನ ಬೆಲೆ 4,00,000. ನಾಲ್ಕು ವರ್ಷದ ಮೇಲೆ ಮಾರಿದರೆ 1,20,000 ಬರಬಹುದು. ಸವೆದದ್ದು 2,80,000. ವರ್ಷಕ್ಕೆ 70 ದಿನ ಕೆಲಸವೆಂದರೆ ನಾಲ್ಕು ವರ್ಷಕ್ಕೆ 280 ದಿನ. ಕ್ಯಾಮೆರಾ ಚೀಲದಿಂದ ಹೊರಗೆ ಬಂದರೇ 1,000 ರೂಪಾಯಿ ಖರ್ಚು. ರಿಪೇರಿಗೂ ಬಾಡಿಗೆಗೆ ತರುವ ಕ್ಯಾಮೆರಾಕ್ಕೂ ದಿನಕ್ಕೆ 300 ಎತ್ತಿಡಿ, ಬೇರೆ ಖಾತೆಯಲ್ಲಿ. ಎರಡು ದಿನದ ಮದುವೆಗೆ ಸಲಕರಣೆಯದ್ದೇ 2,600 ಆಯಿತು. ಇದಕ್ಕೆ ಇನ್ನೊಬ್ಬ ಫೋಟೋಗ್ರಾಫರ್, ಲೈಟ್ ಹಿಡಿಯುವ ಹುಡುಗ, ಹಾವೇರಿಯಾದರೆ ಹೋಗಿಬರುವ ನೂರೈವತ್ತು ಕಿ.ಮೀ. ಗಾಡಿ, ಆಲ್ಬಮ್. ಆಮೇಲೆ ಆಯ್ಕೆ, ಬಣ್ಣ, ಆಲ್ಬಮ್ ಡಿಸೈನ್ ಸೇರಿ ನಾಲ್ಕು ದಿನ ಕಂಪ್ಯೂಟರ್ ಮುಂದೆ. ಎರಡು ದಿನದ ರೇಟು ಹೇಳಿ ಆರು ದಿನ ದುಡಿಯುವುದು ಈ ಕಸುಬಿನ ಹಳೆಯ ರೋಗ.

ಚೌಕಾಸಿ ಬಂದೇ ಬರುತ್ತದೆ. “ಅಣ್ಣಾರ, ಸ್ವಲ್ಪ ಹಿಡದ ಹೇಳ್ರಿ” ಅಂದಾಗ ದುಡ್ಡು ಇಳಿಸುವ ಬದಲು ಸಾಮಾನು ಇಳಿಸಿ: “ಕಾಕಾರ, ಆಲ್ಬಮ್ ಹಾಳಿ ನಲವತ್ತರ ಬದ್ಲಿ ಮೂವತ್ತು ಮಾಡೂಣ್ರಿ. ಎರಡನೇ ಕ್ಯಾಮೆರಾ ಮಾತ್ರ ಬಿಡೂದು ಬ್ಯಾಡ್ರಿ.”

ಸಂಚಕಾರ ಶೇ. 30 ಬರದೆ ತಾರೀಖು ಹಿಡಿಯಬೇಡಿ. ಶೇ. 50 ಮದುವೆ ದಿನ ಬೆಳಗ್ಗೆ, ಅಕ್ಕಿಕಾಳಿಗೆ ಮುಂಚೆ. ಊಟ ಆದ ಮೇಲೆ ಯಜಮಾನರು ಕೈಗೆ ಸಿಗುವುದಿಲ್ಲ. ಉಳಿದದ್ದು ಆಲ್ಬಮ್ ಕೊಡುವಾಗ. ಒಂದು ಹಾಳೆಯಲ್ಲಿ ತಾರೀಖು, ಜಾಗ, ಎಷ್ಟು ತಾಸು, ಎಷ್ಟು ಜನ, ಆಲ್ಬಮ್ ಅಳತೆ ಬರೆದು ಇಬ್ಬರ ಸಹಿ ಹಾಕಿಸಿ. ಫೋಟೋ ಆಯ್ಕೆ ಮಾಡಿ ಕೊಡಲು 30 ದಿನ ಗಡುವು ಇರಲಿ, ಇಲ್ಲದಿದ್ದರೆ ಮಗುವಿನ ಜವಳ ಆದ ಮೇಲೆ ಮದುವೆ ಆಲ್ಬಮ್ ಕೇಳುತ್ತ ಬರುತ್ತಾರೆ. ಮೂಲ ಫೈಲು ಎಷ್ಟು ತಿಂಗಳು ಇಟ್ಟಿರುತ್ತೀರಿ ಎಂಬುದನ್ನೂ ಬರೆಯಿರಿ.

ಅದೇ ಹಾಳೆಯಲ್ಲಿ ಹಕ್ಕಿನ ಮಾತೂ ಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ ಹಣ ಕೊಟ್ಟು ತೆಗೆಸಿದ ಫೋಟೋದ ಮೊದಲ ಒಡೆಯರು ತೆಗೆಸಿದವರು, ಬೇರೆ ಒಪ್ಪಂದ ಇಲ್ಲದಿದ್ದರೆ. ಇನ್‌ಸ್ಟಾಗ್ರಾಂಗೆ, ಅಂಗಡಿ ಬೋರ್ಡಿಗೆ ಮದುಮಗಳ ಚಿತ್ರ ಹಾಕುವವರು ಒಪ್ಪಿಗೆಯನ್ನು ಬರಹದಲ್ಲೇ ತೆಗೆದುಕೊಳ್ಳಬೇಕು.

ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು; ಫೋಟೋಗ್ರಫಿ ಸೇವೆಗೆ ದರ ಶೇ. 18. ವಹಿವಾಟು ಅಂದರೆ ಲಾಭವಲ್ಲ, ಆಲ್ಬಮ್ ಪ್ರಿಂಟಿಗೆಂದು ನಿಮ್ಮ ಬಿಲ್ಲಿನಲ್ಲಿ ಬಂದು ಹೋಗುವ ದುಡ್ಡೂ ಸೇರುತ್ತದೆ.

ಪ್ರೀ-ವೆಡ್ಡಿಂಗಿಗೆ ಉಣಕಲ್ಲಿನ ಚಂದ್ರಮೌಳೇಶ್ವರ, ಗದಗಿನ ತ್ರಿಕೂಟೇಶ್ವರ, ಲಕ್ಕುಂಡಿಯ ಕಾಶಿವಿಶ್ವನಾಥ ಗುಡಿ ಕೇಳುವವರು ಬಹಳ. ಇವು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳು. ಟ್ರೈಪಾಡ್, ಲೈಟು ಒಯ್ಯುವುದಾದರೆ ಇಲಾಖೆಯ ಧಾರವಾಡ ಕಚೇರಿಯಲ್ಲಿ ಮೊದಲೇ ಅನುಮತಿ ಕೇಳಿ. ಡ್ರೋನ್ ಆದರೆ 250 ಗ್ರಾಂ ಮೀರಿದ್ದನ್ನು ದುಡಿಮೆಗೆ ಹಾರಿಸಲು ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕು. ಹುಬ್ಬಳ್ಳಿ ವಿಮಾನ ನಿಲ್ದಾಣ ಗೋಕುಲ ರಸ್ತೆಯಲ್ಲಿ, ಊರಿಗೆ ಅಂಟಿಕೊಂಡೇ ಇದೆ. ಕಲ್ಯಾಣ ಮಂಟಪ ಯಾವ ವಲಯದಲ್ಲಿದೆ ಎಂದು ಸರಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ (ಡ್ರೋನ್ ಎಲ್ಲಿ ಹಾರಬಹುದೆಂದು ತೋರಿಸುತ್ತದೆ) ನೋಡಿಯೇ ಡ್ರೋನ್ ಒಪ್ಪಿಕೊಳ್ಳಿ.

ಎರವಲು ಕ್ಯಾಮೆರಾ ಬಂದ ದಿನ

ನಿಮ್ಮದೇ ಮೌಂಟಿನ ಕ್ಯಾಮೆರಾ ಇರುವ ನಾಲ್ವರ ನಂಬರು ಫೋನಿನಲ್ಲಿ ಇರಲಿ: ಹುಬ್ಬಳ್ಳಿಯ ಇಬ್ಬರು, ಗದಗಿನ ಒಬ್ಬರು, ಹಾವೇರಿಯ ಒಬ್ಬರು. ಬಾಡಿಗೆ ಎಷ್ಟು, ಕೆಟ್ಟರೆ ಯಾರ ಖರ್ಚು ಎನ್ನುವುದು ಸೀಸನ್ನಿಗೆ ಮುಂಚೆಯೇ ಮಾತಾಗಿರಬೇಕು. ಬೇರೆಯವರ ಬಾಡಿ ಕೈಗೆ ಬಂದ ಕೂಡಲೇ ಅವರ ಕಾರ್ಡ್ ಅವರಿಗೆ ಕೊಟ್ಟು, ನಿಮ್ಮ ಕಾರ್ಡನ್ನು ಆ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಮೆನು ರೀಸೆಟ್ ಮಾಡುವ ಮುಂಚೆ ಅವರ ಸೆಟ್ಟಿಂಗನ್ನು ಮೊಬೈಲಿನಲ್ಲಿ ಫೋಟೋ ಹೊಡೆದಿಟ್ಟುಕೊಳ್ಳಿ, ವಾಪಸ್ ಕೊಡುವಾಗ ಹಾಗೇ ಮಾಡಿ ಕೊಡಬೇಕು. ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಸೊನ್ನೆಗೆ, ಫೈಲ್ ‘ರಾ’ಗೆ (ಕ್ಯಾಮೆರಾ ತಿದ್ದದ ಮೂಲ ಫೈಲು), ಕಾರ್ಡ್ ಬ್ಯಾಕಪ್ಪಿಗೆ. ಮಂಟಪದ ಎಲ್‌ಇಡಿಗೆ ಸೈಲೆಂಟ್ ಶಟರ್ ಇದ್ದರೆ ತೆಗೆದು ಮೆಕ್ಯಾನಿಕಲ್‌ಗೆ ತನ್ನಿ, ಪಟ್ಟೆ ಬಂದರೆ 1/100ಕ್ಕೆ ಇಳಿಸಿ. ಆಮೇಲೆ ಗಡಿಯಾರ: ನಿಮ್ಮ ಮೊದಲ ಬಾಡಿಯ ಸಮಯಕ್ಕೆ ಸೆಕೆಂಡೂ ತಪ್ಪದಂತೆ ಹೊಂದಿಸಿ. ಮೂರು ನಿಮಿಷ ಹಿಂದೆಮುಂದಾದರೂ ಎರಡು ಕ್ಯಾಮೆರಾದ ಚಿತ್ರ ಸೇರಿಸುವಾಗ ತಾಳಿ ಕಟ್ಟಿದ ಮೇಲೆ ವರ ಮಂಟಪಕ್ಕೆ ಬರುತ್ತಾನೆ.